ಲಂಡನ್ನಿಗೆ ಹೋದ ನಾಯಿ

ಬೊಂಬಾಯಿ, ಗುರುವಾರ

ತಂಗಿ ಚಿಕ್ಕವೆಂಕಟಮ್ಮನಿಗೆ ಅಣ್ಣನ ಆಶೀರ್ವಾದ.

ನಿನ್ನ ಮಗಳು ಶ್ಯಾಮಲ ಗಂಡನ ಹತ್ತಿರ ಹೋಗಲು ಇವತ್ತು ಹಡಗು ಹತ್ತಿದಳು. ನಾಯಿಯೂ ಹತ್ತಿತು. ನಮ್ಮ ಶಿಡ್ಲಘಟ್ಟದಿಂದ ಸಾಗಿಸಲು ಲಂಡನ್ನಿನಲ್ಲಿ ನಾಯಿಗೆ ಬರವೇ?

ಹೊರಡುವಾಗ ನೀನು ಮದುಮಗಳಿಗೆ ಹಚ್ಚಿದ ಹಾಗೆ ಅದಕ್ಕೂ ಎಣ್ಣೆ ಅರಿಶಿನ ಬಳಿದು ಕಳಿಸಿದೆಯಲ್ಲ, ಬಂದರಿನ ದನದ ಡಾಕ್ಟರು ಆ ಹಳದಿ ಮೈ ನೋಡಿ ಚರ್ಮರೋಗವೆಂದು ಅದರ ಪರವಾನಗಿ ಕಾಗದಕ್ಕೆ ರುಜು ಹಾಕಲಿಲ್ಲ. ನಾಯಿ ಬಿಟ್ಟು ನಾನೂ ಹೋಗುವುದಿಲ್ಲವೆಂದು ಇವಳು ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಕೊನೆಗೆ ನಾನೇ ಅದನ್ನು ನಲ್ಲಿಯ ಕೆಳಗೆ ಹಿಡಿದು ಸೀಗೆಪುಡಿ ಹಾಕಿ ಉಜ್ಜಿದೆ. ಕೈಗೆ ಬಾಯಿ ಹಾಕಿತು ಮುಂಡೇದು.

ಮತ್ತೆ ಡಾಕ್ಟರ ಮುಂದೆ ಹೋಗಿ, ಕಚ್ಚಿಸಿಕೊಂಡ ಕೈಯನ್ನು ಶಲ್ಯದೊಳಗೆ ಮುಚ್ಚಿಕೊಂಡು ನಿಂತೆ.

"ಮಾವ, ಇದು ಕಚ್ತದಾ ಅಂತ ಕೇಳ್ತಾವ್ರೆ."

"ಹಸು ಕಣಮ್ಮ, ಹಸು ಅಂತ ಹೇಳು."

ರುಜು ಬಿತ್ತು.

ಕೈ ಊದಿದೆ. ಸೂಜಿ ಹಾಕಿಸಿಕೊಂಡಿದ್ದೇನೆ, ಗಾಬರಿ ಬೇಡ. ನಾಳೆ ರೈಲಿಗೆ ಹೊರಡುತ್ತೇನೆ. ಮಗಳಿಗೆ ಕಾಗದ ಬರೆದರೆ ಈ ಸಂಗತಿ ಎತ್ತಬೇಡ. ನನ್ನ ಕೈ ಹೇಗಿದೆ ಎನ್ನುವುದಿಲ್ಲ ಅವಳು, ನಾಯಿಯ ಹಲ್ಲಿಗೆ ಏನಾದರೂ ಆಯಿತೇ ಎಂದು ಕೇಳುತ್ತಾಳೆ.

ನಿನ್ನ ಅಣ್ಣ
ಆವಲಪ್ಪ