ಎಬಿಎಸ್ ಬೇಡ ಅಂದಿದ್ದೆಯಲ್ಲ

ಅಪ್ಪಾ,

ಬಿಡಿಭಾಗ ತರಿಸಿ ಶೆಡ್ಡಿನಲ್ಲಿ ನೀನೇ ಜೋಡಿಸುತ್ತಿದ್ದ ಆ ಕಿಟ್ ಕಾರು ಇವತ್ತು ರಸ್ತೆಗಿಳಿಯಿತು. ನೀನು ಅರ್ಧಕ್ಕೆ ಬಿಟ್ಟುಹೋದದ್ದನ್ನು ನಾನೇ ಕಟ್ಟಿ ಮುಗಿಸಿದೆ. ಹಳೆಯ ಕಾರಿನಿಂದ ಬಿಚ್ಚಿದ ಎಬಿಎಸ್ಸನ್ನು, ಜೋರಾಗಿ ಬ್ರೇಕ್ ತುಳಿದರೂ ಚಕ್ರ ಬಿಗಿದು ಜಾರದಂತೆ ತಡೆಯುವ ಆ ಸಾಧನವನ್ನು, ನೀನು ಮೂಲೆಗೆಸೆದಿದ್ದೆ. "ಇಷ್ಟು ಹಗುರದ ಕಾರಿಗೆ ಅದ್ಯಾಕೆ, ಮಗಳೇ ನೆರಿಸ್? ಬ್ರೇಕ್ ಹಾಕೋಕೆ ಬರದೋರಿಗೆ ಅದು," ಅಂದಿದ್ದೆ. ಆ ಜಗಳದ ನಂತರ ನಾನು ಶೆಡ್ಡಿಗೆ ಕಾಲಿಟ್ಟದ್ದು ನೀನು ತೀರಿಹೋದ ಮೇಲೆಯೇ. ಆ ಎಬಿಎಸ್ಸನ್ನು ಹುಡುಕಿ ತೆಗೆದು ಕೂರಿಸಿದೆ; ನಾಲ್ಕು ಚಕ್ರಗಳಿಗೂ ಸೆನ್ಸರ್ ಜೋಡಿಸಿದೆ.

ಇವತ್ತು ಅಮ್ಮ ಪಕ್ಕದಲ್ಲಿ ಕೂತಿದ್ದಳು. ಬೆರ್ವಿನ್ ಬೆಟ್ಟದ ಇಳಿಜಾರು, ಒದ್ದೆ ರಸ್ತೆ. ತಿರುವು ದಾಟುತ್ತಲೇ ಎದುರಿಗೆ ಕುರಿಮಂದೆ, ಅದರ ನಡುವೆ ಪಕ್ಕದ ತೋಟದ ಅಲೆಡ್ ಮಾಮ.

"ಅಯ್ಯೋ, ನಿಲ್ಸೇ!" ಅಮ್ಮ ಕಿರುಚಿದಳು.

ಬ್ರೇಕನ್ನು ಬಲವಾಗಿ ತುಳಿದೆ. ಪೆಡಲ್ ಪಾದದಡಿ ದಡದಡ ನಡುಗಿತು. ಚಕ್ರಗಳು ಬಿಗಿದುಕೊಂಡು ಜಾರಲಿಲ್ಲ, ಸ್ಟೀರಿಂಗ್ ನನ್ನ ಮಾತು ಕೇಳಿತು. ಕಾರು ಮಾಮನನ್ನೂ ಕುರಿಗಳನ್ನೂ ತಪ್ಪಿಸಿಕೊಂಡು ಕಲ್ಲುಗೋಡೆಯ ಪಕ್ಕಕ್ಕೆ ಸರಿದು ನಿಂತಿತು.

ಮಾಮ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ. "ನಿಮ್ಮಪ್ಪ ಗ್ವಿಲಿಮ್‌ನ ಕಾರಲ್ವೇನೇ ಇದು? ಪುಣ್ಯಾತ್ಮ, ಬ್ರೇಕ್ ಚೆನ್ನಾಗಿ ಮಾಡಿಟ್ಟಿದ್ದಾನೆ ಕಣೇ. ಇಲ್ದಿದ್ರೆ ನಾನಿವತ್ತು ಅವನ ಹತ್ರಾನೇ ಹೋಗ್ತಿದ್ದೆ."

ಅಮ್ಮ ನನ್ನ ಮುಖ ನೋಡಿದಳು.

"ಹೌದು ಮಾಮ," ಅಂದೆ, "ಅಪ್ಪನೇ ಮಾಡಿದ್ದು."