ಬಾಚಣಿಗೆ ಹಿಡಿದವಳು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಳಿಯಂದಿರಿಗೆ,

ನಿಮ್ಮ ಅತ್ತೆಯ ಆಶೀರ್ವಾದಗಳು. ಮಂಡಿಯ ವಿಚಾರ ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿಮ್ಮ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅತ್ತೆ ಮುನಿಸಿಕೊಂಡಿದ್ದಾಳೆ ಎಂದುಕೊಂಡಿರುತ್ತೀರಿ. ಮೊದಮೊದಲು ಮುನಿಸು ಇದ್ದದ್ದು ನಿಜ, ಸುಳ್ಳು ಯಾಕೆ ಹೇಳಲಿ? ಅಳಿಯ ಇನ್ನೊಂದು ಮದುವೆಯಾಗುತ್ತಾನೆ ಎಂದರೆ ಮಗಳನ್ನು ಕಳೆದುಕೊಂಡ ಯಾವ ತಾಯಿಗೆ ಚುರುಕ್ ಎನ್ನುವುದಿಲ್ಲ? ಆಮೇಲೆ ನನಗೆ ನಾನೇ ಬೈದುಕೊಂಡೆ. ಮೂರು ವರ್ಷದಿಂದ ಒಬ್ಬರೇ ಬೇಯಿಸಿಕೊಂಡು, ಒಬ್ಬರೇ ತಟ್ಟೆ ತೊಳೆದುಕೊಂಡು ಇದ್ದೀರಿ. ಹಾಗೇ ಇರಿ ಎನ್ನುವುದಕ್ಕೆ ನಾನ್ಯಾರು?

ನನ್ನ ನಿದ್ದೆ ಕೆಡಿಸಿದ್ದು ಮದುವೆಯ ಸುದ್ದಿಯಲ್ಲ, ಅದರ ಕೆಳಗೆ ಬರೆದಿದ್ದಿರಲ್ಲ, ಆ ಮಾತು. ಅರಮನೆಗೆ ಮಾಡಿಕೊಟ್ಟ ಮೇಣದ ಬೊಂಬೆಗಳಲ್ಲಿ ಒಂದಕ್ಕೆ ನಿಮ್ಮ ಮಗಳ ಮುಖ ಇಟ್ಟಿದ್ದೇನೆ, ಫೋಟೋ ನೋಡದೆ ನೆನಪಿನಿಂದಲೇ ಮಾಡಿದೆ, ಮದುವೆಗೆ ಮುಂಚೆ ಅದನ್ನು ತೆಗೆಯಬೇಕೋ ಬೇಡವೋ ನೀವೇ ನೋಡಿ ಹೇಳಿ ಎಂದಿರಿ. ಯಾವ ಕೋಣೆಯಲ್ಲಿದೆ ಎಂದು ಬರೆಯುವುದನ್ನೇ ಮರೆತಿರಿ. ಎಂಥ ಕೆಲಸ ಒಪ್ಪಿಸಿದಿರಿ ನನಗೆ!

ಕಳೆದ ವಾರ ಹೋಗಿ ಬಂದೆ. ನಿಮಗೆ ಹೇಳದೆ ಹೋದೆನೆಂದು ಬೇಸರ ಬೇಡ. ನೀವು ಪಕ್ಕದಲ್ಲಿದ್ದರೆ ನಿಮ್ಮ ಮುಖ ನೋಡಿಕೊಂಡೇ ಉತ್ತರ ಹೇಳಿಬಿಡುತ್ತಿದ್ದೆ.

ಅಬ್ಬಾ, ಅದೇನು ಮೆಟ್ಟಿಲುಗಳು! ಆ ರಾಜರಿಗೆ ಮಂಡಿ ನೋವು ಬರುತ್ತಲೇ ಇರಲಿಲ್ಲವೋ ಏನೋ. ದರ್ಬಾರು ಸಭಾಂಗಣದಲ್ಲಿ ಜನರೆಲ್ಲ ಕತ್ತೆತ್ತಿ ಚಾವಣಿಯ ಚಿನ್ನದ ಬಳ್ಳಿ ನೋಡುತ್ತಿದ್ದರೆ ನಾನೊಬ್ಬಳು ಬೊಂಬೆಗಳ ಮುಖಕ್ಕೆ ಮುಖ ಕೊಟ್ಟು ನಡೆಯುತ್ತಿದ್ದೆ. ಚಾಮರ ಬೀಸುವವಳು ಅಲ್ಲ. ಹಾಡುವವಳೂ ಅಲ್ಲ. ಆಯುಧಗಳ ಕೋಣೆಯ ಮೂಲೆಯಲ್ಲಿ ಕೂತಿದ್ದ ಒಂದು ಬೊಂಬೆಯ ಮೂಗಿನ ಹತ್ತಿರ ಹೋಗಿ ದಿಟ್ಟಿಸಿದೆ, ಅದು "ಏನಮ್ಮಾ ಬೇಕು?" ಎಂದಿತು. ಕಾವಲುಗಾರ! ಪಾಪ, ಅವನೂ ಬೆಚ್ಚಿದ, ನಾನೂ ಬೆಚ್ಚಿದೆ.

ನಕ್ಕಿದ್ದು ಅಷ್ಟೇ. ಒಳಗೆ ಹೋದಂತೆಲ್ಲ ಜನ ಕಡಿಮೆಯಾದರು. ಕಿಟಕಿಗಳಿಗೆಲ್ಲ ದಪ್ಪ ಪರದೆ, ಬಹಳ ದಿನ ಮುಚ್ಚಿಟ್ಟ ಬೀರುವಿನ ವಾಸನೆ. ಮಡಿಸಿಟ್ಟ ಹಾಸಿಗೆ, ಓದುವವರಿಲ್ಲದ ಪುಸ್ತಕ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಓರೆಯಾಗಿಟ್ಟ ಕುರ್ಚಿ. ಕರೆಯದೆ ಸತ್ತವರ ಮನೆಗೆ ಬಂದೆ ಅನ್ನಿಸಿತು. ಪ್ರತಿ ಬಾಗಿಲಲ್ಲೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ಇಲ್ಲಿ ಸಿಗಲಿ ಎಂದು ಒಂದು ಮನಸ್ಸು, ಸಿಗದಿದ್ದರೆ ಸಾಕಪ್ಪ ಎಂದು ಇನ್ನೊಂದು.

ರಾಣಿಯ ಅಲಂಕಾರದ ಕೋಣೆಯಲ್ಲಿ ಸಿಕ್ಕಳು.

ರಾಣಿಯ ಬೊಂಬೆ ಕೂತಿತ್ತು, ಅದರ ಹಿಂದೆ ಬಾಚಣಿಗೆ ಹಿಡಿದು ನನ್ನ ಮಗಳು ನಿಂತಿದ್ದಳು. ಸಿಕ್ಕು ಬಿಡಿಸುವಾಗ ಕೆಳತುಟಿ ಕಚ್ಚುತ್ತಿದ್ದಳಲ್ಲ, ಹಾಗೆಯೇ ಕಚ್ಚಿದ್ದಳು. ನನಗೇ ಗೊತ್ತಿಲ್ಲದೆ ಬಾಯಿಂದ "ಕಂದಾ" ಎಂದು ಬಂತು.

ಜನ ಒಳಗೆ ಹೋಗದಂತೆ ಕಟ್ಟಿದ್ದ ಹಗ್ಗದಾಚೆ ಒಬ್ಬ ಹೆಂಗಸು ಬರಿಗಾಲಲ್ಲಿ ನಿಂತು ಆ ಬೊಂಬೆಯ ಕೂದಲು ಒಪ್ಪ ಮಾಡುತ್ತಿದ್ದಳು. ತಿರುಗಿ ನೋಡಿದಳು, ನೋಡುತ್ತಲೇ ಇದ್ದಳು. ಕೊನೆಗೆ, "ನೀವು ಇವರ ಅಮ್ಮ ಅಲ್ವಾ? ಮೂಗು ಅದೇ ಇದೆ" ಎಂದಳು. ಮದುವೆಯಾಗುವ ಹುಡುಗಿ ಬೊಂಬೆಗಳಿಗೆ ಬಟ್ಟೆ ಹೊಲಿಯುವವಳು ಎಂದು ನೀವು ಬರೆದಿದ್ದಿರಿ, ಹಾಗಾಗಿ ಅವಳು ಯಾರೆಂದು ನನಗೂ ಹೊಳೆಯಿತು. ಹಗ್ಗ ಎತ್ತಿ ನನ್ನನ್ನು ಒಳಗೆ ಕರೆದುಕೊಂಡು, ತಾನು ಕೂರುವ ಸ್ಟೂಲನ್ನೇ ಕೊಟ್ಟಳು.

"ತೆಗೀರಿ ಅಂತ ನಾನು ಹೇಳಿಲ್ಲಮ್ಮ," ಎಂದಳು. "ಇವರಿಗೆ ಸೀರೆ ಉಡಿಸೋದು ನಾನೇ, ತಲೆ ಬಾಚೋದು ನಾನೇ. ಒಬ್ಬಳೇ ಕೆಲಸ ಮಾಡ್ತಾ ಮಾಡ್ತಾ ಇವರ ಹತ್ರಾನೇ ಕಷ್ಟ ಸುಖ ಹೇಳ್ಕೋತೀನಿ. ಮದುವೆ ವಿಷಯಾನೂ ಮೊದಲು ಇವರಿಗೇ ಹೇಳಿದ್ದು."

ಅವಳ ಮೇಲೆ ಇಟ್ಟುಕೊಂಡು ಹೋಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಒಳ್ಳೆಯವಳನ್ನೇ ಹುಡುಕಿದ್ದೀರಿ.

ಆದರೂ ಬೊಂಬೆಯ ಮುಖದಲ್ಲಿ ಏನೋ ಚುಚ್ಚುತ್ತಿತ್ತು. ಎಲ್ಲ ಅವಳದೇ, ಆದರೂ ಅವಳಲ್ಲ. ಆಮೇಲೆ ಕಂಡಿತು. ಅವಳ ಕೆನ್ನೆಯ ಮಚ್ಚೆ ಎಡಗಡೆ. ನೀವು ಬಲಗಡೆ ಇಟ್ಟಿದ್ದೀರಿ. ಇಷ್ಟು ದೊಡ್ಡ ಕಸುಬುದಾರ, ಹೆಂಡತಿಯ ಕೆನ್ನೆ ಮರೆತನಲ್ಲ ಎಂದು ಸಂಕಟವಾಗಿ ಮುಖ ತಿರುಗಿಸಿದೆ. ಗೋಡೆಗೆ ರಾಣಿಯ ನಿಲುವುಗನ್ನಡಿ. ಅದರೊಳಗೆ ನನ್ನ ಮಗಳು ನಿಂತಿದ್ದಳು, ಮಚ್ಚೆ ಎಡಗೆನ್ನೆಯಲ್ಲೇ. ಅವಳ ಹಿಂದೆ ಮುದುಕಿಯಾದ ನಾನು. ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ತಿಳಿಯಿತು. ನಿಮ್ಮ ಮನೆಗೆ ಬಂದಾಗಲೆಲ್ಲ ನೋಡುತ್ತಿದ್ದೆನಲ್ಲ, ಬೆಳಗ್ಗೆ ಅವಳು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು, ನೀವು ಹಿಂದೆ ಮಂಚದ ಮೇಲೆ ಕೂತು ಕನ್ನಡಿಯೊಳಗಿನ ಅವಳ ಜೊತೆಗೇ ಹರಟೆ ಹೊಡೆಯುತ್ತಿದ್ದಿರಿ. ಮೇಣಕ್ಕೆ ಇಳಿದಿರುವುದು ಆ ಮುಖ. ನೀವು ಮರೆತಿರಲಿಲ್ಲ. ನಾನು ಸುಮ್ಮನೆ ಅನುಮಾನಪಟ್ಟೆ, ಕ್ಷಮಿಸಿ.

ಹೀಗಾಗಿ ನನ್ನ ಉತ್ತರ ಇಷ್ಟೇ. ಇರಲಿ, ತೆಗೆಯಬೇಡಿ. ನೀವು ಕಂಡ ಮುಖ ಅದು, ತೆಗೆಯಿರಿ ಎನ್ನುವ ಹಕ್ಕು ನನಗಿಲ್ಲ. ಹೊಸಬಳಿಗೂ ಅದರಿಂದ ತೊಂದರೆಯಿಲ್ಲ.

ನೀವಿಬ್ಬರೂ ಚೆನ್ನಾಗಿರಿ. ಹೊತ್ತು ಹೊತ್ತಿಗೆ ಊಟ ಮಾಡಿ. ನನ್ನನ್ನು ಅತ್ತೆ ಎನ್ನುವುದನ್ನು ಮಾತ್ರ ಬಿಡಬೇಡಿ. ಅವಳಿಗೂ ಹಾಗೇ ಕರೆಯಲು ಹೇಳಿ.

ಇಂತಿ,
ನಿಮ್ಮ ಅತ್ತೆ

ವಿ.ಸೂ.: ಗುರುವಾರ. ಈ ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಅರಮನೆಯಿಂದ ಬಂದಾಗಿನಿಂದ ಕಣ್ಣು ಮುಚ್ಚಿದರೆ ಮಗಳು ಬರುತ್ತಾಳೆ, ಮಚ್ಚೆ ಬಲಗಡೆ. ಕೂಸಾಗಿದ್ದಾಗ ಸ್ನಾನ ಮಾಡಿಸಿ ಒರೆಸಿದ ಮುಖ ನೆನೆದರೂ ಬಲಗಡೆ. ಆಸ್ಪತ್ರೆಯಲ್ಲಿ ಕೊನೆಗೆ ನೋಡಿದ ಮುಖ ನೆನೆದರೂ ಬಲಗಡೆ. ಎದ್ದು ಹೋಗಿ ಫೋಟೋ ನೋಡಿ, ಅಲ್ಲ, ಎಡಗಡೆ ಎಂದು ಹೇಳಿಕೊಳ್ಳುತ್ತೇನೆ. ಕೂತರೆ ಮತ್ತೆ ಅದೇ. ಬೊಂಬೆಯ ಮಚ್ಚೆಯನ್ನು ಎಡಗಡೆಗೆ ಹಾಕಿದರಾಯಿತು ಎನ್ನುತ್ತೀರಿ. ಮಚ್ಚೆಯಾದರೆ ಗೊತ್ತಾಯಿತು. ನನಗೆ ಗೊತ್ತಾಗದ ಹಾಗೆ ಇನ್ನೇನೇನು ಆ ಬೊಂಬೆಯದಾಗಿದೆಯೋ? ಇದ್ದದ್ದು ಅವಳ ಮುಖವೊಂದೇ, ಅದೂ ಕೈ ಬಿಟ್ಟು ಹೋಗುತ್ತಿದೆ. ಮೇಲೆ ಬರೆದದ್ದನ್ನು ಹೊಡೆದು ಹಾಕಲು ಮನಸ್ಸು ಬರಲಿಲ್ಲ, ಆದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ತೆಗೆದುಬಿಡಿ ಅಳಿಯಂದಿರೇ. ಮದುವೆಗೆ ಖಂಡಿತ ಬರುತ್ತೇನೆ, ಅಷ್ಟರೊಳಗೆ ತೆಗೆದುಬಿಡಿ.