ಕಾಣಿಕೆ ಚೀಲದಲ್ಲಿ ಗುಳಿಗೆ

ತಂಗಿ ಸಲೋಮಿ,

ಸತ್ತವರಿಗೆ ಅಂಚೆ ಇಲ್ಲ, ಗೊತ್ತು. ಆದರೂ ಹೇಳಬೇಕು.

ಈ ಭಾನುವಾರ ಉಲ್ಹಾಸನಗರದ ನಮ್ಮ ಪ್ರಾರ್ಥನೆ ಖೋಲಿಯಲ್ಲಿ ಜಗಳ ಮಾಡಿದೆ. ಕಾಣಿಕೆ ಚೀಲ ಹಿಡಿದು ಸಾಲುಸಾಲು ತಿರುಗುವ ಕೆಲಸ ಈಗಲೂ ನನ್ನದೇ. ಬಾಲಮ್ಮ ತನ್ನ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಅದರಲ್ಲಿ ಹಾಕಿದಳು. ಗುಳಿಗೆ ನುಂಗುವವರಿಗೆ ವಿಶ್ವಾಸವಿಲ್ಲ ಎಂದು ಪಾಸ್ಟರ್ ಇನ್ನೂ ಹೇಳುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಂದು ನೀನು ನಿನ್ನ ಗುಳಿಗೆ ಹಾಕಿದಾಗ ತಟ್ಟಿದ ಹಾಗೆಯೇ. ಆಮೇಲೆ ನೀನು ನಾಲ್ಕು ತಿಂಗಳೂ ಉಳಿಯಲಿಲ್ಲ.

ನಾನು ಗುಳಿಗೆ ತೆಗೆದು ಬಾಲಮ್ಮನ ಕೈಗೇ ಕೊಟ್ಟೆ. ನಿನ್ನ ಬೈಬಲ್ ತೆರೆದು, ಪೌಲನು ತಿಮೊಥೆಯನಿಗೆ ಬರೆದದ್ದನ್ನು ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದೆ. ಹೊಟ್ಟೆಯ ತೊಂದರೆಗೆ ಬರೀ ನೀರು ಸಾಲದು, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಅಪೊಸ್ತಲನೇ ಮದ್ದು ಹೇಳಿದ್ದಾನೆ.

“ಕಾಕಾ, ಎರಡನೇ ಕ್ಲಾಸ್ ಕಲ್ತವ್ರು ವಚನ ಬಿಡಿಸಿ ಹೇಳಬ್ಯಾಡ್ರಿ, ಕೂಡ್ರಿ,” ಎಂದ ಪಾಸ್ಟರ್.

“ಬಿಡಿಸಿ ಹೇಳ್ಲಾಕತ್ತಿಲ್ಲಪಾ, ಬರದದ್ದು ಓದ್ಲಾಕತ್ತೀನಿ. ನೀನೂ ಓದು,” ಎಂದೆ.

ಇದೇ ಸಾಲನ್ನು ನೀನು ಅಂದು ನನಗೆ ತೋರಿಸಿದ್ದೆ. “ಪಾಸ್ಟರ್‌ಗಿಂತ ಶಾಣ್ಯಾಳೇನ ನೀ?” ಎಂದು ಪುಸ್ತಕ ಮುಚ್ಚಿ, ನಿನ್ನ ಮುಂದೆ ಚೀಲ ಹಿಡಿದವನು ನಾನೇ.

ಮೆಟ್ಟಿಲು ಇಳಿಯುವಾಗ ಬಾಲಮ್ಮ ಕೇಳಿದಳು: “ಅಣ್ಣಾ, ಇಷ್ಟೆಲ್ಲಾ ಗೊತ್ತಿದ್ರ ಸಲೋಮಕ್ಕಗ ಯಾಕ ಹೇಳಲಿಲ್ಲ?”

“ಬಾಯಿ ಮುಚ್ಚಿ ಗುಳಿಗಿ ನುಂಗು,” ಎಂದು ಅವಳ ಮೇಲೂ ಕೂಗಾಡಿದೆ.

ನಿನ್ನ ಅಣ್ಣ
ಯೋಹಾನಪ್ಪ